ಸಿಸ್ಟರ್ ಲೊಂತಿಯಾರ ಮಗಳು

ಪಕ್ಕದ ಮನೆಯ ಪ್ರಿಸ್ಕಾಳ ಹೆಣ ಮಣ್ಣಾದ ದಿನದಿಂದ ಸಿಸ್ಟರ್ ಲೊಂತಿಯಾ ಮಗಳ ಕೈಯಿಂದ ನೀರು ಹಾಕಿಸಿಕೊಳ್ಳುವುದನ್ನೇ ಬಿಟ್ಟುಬಿಟ್ಟರು. ಊಟಕ್ಕೆ ಮುಂಚೆ ಕಸೊಂಡೆ ಬೋಗುಣಿ, ತಂಬಿಗೆ ಹಿಡಿದು ಅಮ್ಮನ ಮುಂದೆ ಮಂಡಿಯೂರಿದರೆ ಮುದುಕಿ ಎರಡೂ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಮೊಮ್ಮಗಳನ್ನು ಕೂಗುತ್ತಿದ್ದರು.

"ಸಂಪಾ, ನೀನು ಬಾ. ನೀನು ನೀರು ಹಾಕು."

"ನಾನು ತಂದಿದೀನಲ್ಲಮ್ಮ," ಅಂದಳು ಕಸೊಂಡೆ.

"ನಿನ್ನ ಕೈ ನನಗೆ ಬೇಡ. ಮೊದಲು ಅದನ್ನ ತೊಳ್ಕೊಂಡು ಬಾ ಹೋಗು."

ಕಸೊಂಡೆಯ ಗಂಡ ಚೋಲಾ ನ್ಶಿಮಾದ ಮುದ್ದೆಯನ್ನು ಬೆರಳಲ್ಲಿ ಉರುಳಿಸುತ್ತಾ ತಟ್ಟೆಯನ್ನೇ ನೋಡುತ್ತಿದ್ದ. ಹದಿನೇಳರ ಸಂಪಾ ಮುಖ ಊದಿಸಿಕೊಂಡು ಎದ್ದು ಬಂದು ತಂಬಿಗೆಯನ್ನು ತಾಯಿಯ ಕೈಯಿಂದ ಕಿತ್ತುಕೊಂಡಳು. ಅಜ್ಜಿ ಕೈ ತೊಳೆದು, ಒಣಮೀನಿನ ಸಾರಿಗೆ ಮುದ್ದೆ ಅದ್ದಿ, ಬಾಯಿಗೆ ಹಾಕುವ ಮುಂಚೆ ಮತ್ತೊಮ್ಮೆ ಅಂದರು: "ಬಿಳಿ ಬಟ್ಟೆ ತೊಟ್ಟವಳು ಒಬ್ಬಳು ತಪ್ಪು ಮಾಡಿದರೆ ಎಲ್ಲರ ಬಟ್ಟೆಗೂ ಕಲೆ. ಮಗು ಬರೋಕೆ ಮುಂಚೆ ಆ ಸೂಜಿ ಕೊಡಬಾರದು ಅಂತ ನಾನೇ ನಿನಗೆ ಹೇಳಿಕೊಡಲಿಲ್ಲವಾ?"

"ಹೇಳಿಕೊಟ್ಟಿದ್ರಿ."

"ಮತ್ತೆ?"

ಕಸೊಂಡೆ ಬೋಗುಣಿಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಹೇಳಬಹುದಾಗಿದ್ದ ಉತ್ತರ ಒಂದೇ, ಅದನ್ನು ನುಂಗಿಕೊಂಡೇ ಅವಳು ಅಷ್ಟೂ ದಿನ ಊಟ ಮಾಡಿದ್ದಳು.

ಲುವಾನ್ಶ್ಯಾದ ಗಣಿ ಕಾಲೊನಿಯಲ್ಲಿ ಸಿಸ್ಟರ್ ಲೊಂತಿಯಾರ ಕೈಯಲ್ಲಿ ಹುಟ್ಟದವರನ್ನು ಹುಡುಕಬೇಕು. ಹೆರಿಗೆ ವಾರ್ಡನ್ನು ಅವರು ಆಳಿದವರು, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಿದವರು. ಅವರು ರಸ್ತೆಯಲ್ಲಿ ಬಂದರೆ ಕುಡಿದು ಕೂಗಾಡುವ ಗಂಡಸರೂ ದನಿ ತಗ್ಗಿಸುತ್ತಿದ್ದರು. ರೋಗಿಯ ಚೀಟಿಯಲ್ಲಿ ಸುಳ್ಳು ಜ್ವರ ಬರೆದ ವಿದ್ಯಾರ್ಥಿನಿಯನ್ನು ಅದೇ ಗಳಿಗೆಯಲ್ಲಿ ಮನೆಗೆ ಕಳಿಸಿದ್ದರಂತೆ. ಆ ಹುಡುಗಿಯ ಅಪ್ಪ ಬಂದು ಕಾಲಿಗೆ ಬಿದ್ದರೂ ಬಗ್ಗಲಿಲ್ಲವಂತೆ. ಅವರ ಮಗಳೂ ಅದೇ ಕೆಲಸಕ್ಕೆ ಸೇರಿ, ಕಾಲೊನಿಯ ಕ್ಲಿನಿಕ್ಕಿನಲ್ಲಿ ಹೆರಿಗೆ ನರ್ಸ್ ಆಗಿದ್ದಳು. ಜನ ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಸಿಸ್ಟರ್ ಲೊಂತಿಯಾರ ಮಗಳು ಅಂದರೆ ಮುಗಿಯಿತು.

ಮುದುಕಿಯ ತಲೆ ಜಾರತೊಡಗಿ ಎರಡು ಮಳೆಗಾಲ ಕಳೆದಿತ್ತು. ಮೊದಮೊದಲು ಉಪ್ಪು ಎರಡು ಸಲ ಹಾಕಿದರು. ಆಮೇಲೆ ಎಂದೋ ಸತ್ತ ಗಂಡನಿಗೆ ತಟ್ಟೆ ತೆಗೆದಿಟ್ಟರು. ಕಸೊಂಡೆ ಅದನ್ನು ಯಾರಿಗೂ ಹೇಳಲಿಲ್ಲ. ಚರ್ಚಿನಲ್ಲಿ ಎದುರಾದವರ ಹೆಸರನ್ನು ಅಮ್ಮ ಮರೆತರೆ ತಾನೇ ಮುಂದಾಗಿ ಹೆಸರು ಕೂಗುತ್ತಿದ್ದಳು. ಅಷ್ಟು ದೊಡ್ಡ ಹೆಸರಿನ ಮೇಲೆ ಮರೆವಿನ ಗುಸುಗುಸು ಏಳುವುದು ಅವಳಿಗೆ ಬೇಡವಾಗಿತ್ತು. ಬೇಡ ಅಂದುಕೊಂಡದ್ದೇ ಮುಳುವಾಯಿತು ಅನ್ನಿ.

ಇನ್ನೊಂದು ತಪ್ಪು ಕರೆಂಟಿಲ್ಲದ ಕಾಲದ್ದು. ಆ ವರ್ಷ ಕರೆಂಟು ಬರುವುದೇ ಹಬ್ಬದಂತಾಗಿತ್ತು. ಕ್ಲಿನಿಕ್ಕಿನ ಗ್ಯಾಸ್ ಫ್ರಿಜ್ಜಿಗೆ ಗ್ಯಾಸಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸುವ ಸೂಜಿಮದ್ದನ್ನು ತಣ್ಣಗೆ ಇಡದಿದ್ದರೆ ಅದು ಬರೀ ನೀರು. ಚೋಲಾ ಮನೆ ಮೇಲೆ ಸೋಲಾರ್ ಹಲಗೆ ಕೂರಿಸಿ, ಗೇಟಿನ ಹತ್ತಿರ ತಂಪು ಮುಂಕೊಯೊ ಪಾನಕ, ಐಸ್ ಮಾರುವ ಸಣ್ಣ ವ್ಯಾಪಾರ ನಡೆಸುತ್ತಿದ್ದ. ಹಾಗಾಗಿ ಕಸೊಂಡೆ ಕ್ಲಿನಿಕ್ಕಿನ ಮದ್ದಿನ ಬಾಟಲಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ಮನೆಯ ಫ್ರಿಜ್ಜಿನಲ್ಲಿ, ಟೊಮೆಟೊ, ಮೀನಿನ ಮಧ್ಯೆ ಇಟ್ಟಳು. ಬೆಳಗ್ಗೆ ಬೇಕಾದಷ್ಟು ಒಯ್ಯುವಳು. ಹಾಗೆ ಇಡಬಾರದು ಅಂತ ನಿಯಮ. ಇಡದಿದ್ದರೆ ಬಾಣಂತಿಯರು ರಕ್ತ ಹೋಗಿ ಸಾಯುತ್ತಿದ್ದರು. ನಿಯಮ ಮುರಿದದ್ದಕ್ಕೆ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಹೊಗಳಿದ್ದರು.

ಪ್ರಿಸ್ಕಾ ಪಕ್ಕದ ಮನೆಯ ಗಣಿ ಕೆಲಸಗಾರ ಕಬಾಸೊನ ಹೆಂಡತಿ. ಐದನೆಯ ಬಸಿರು. ಆ ಮಧ್ಯಾಹ್ನ ನೋವು ಶುರುವಾದಾಗ ಕಬಾಸೊ ಗಣಿಯೊಳಗೆ. ಕ್ಲಿನಿಕ್ಕಿಗೆ ಹೋಗುವ ಬದಲು ಅವಳು ನೇರ ಗೇಟು ತಳ್ಳಿಕೊಂಡು ಸಿಸ್ಟರ್ ಲೊಂತಿಯಾರ ಮುಂದೆ ಬಂದು ಕೂತಳು, "ನಿಮ್ಮ ಕೈಯಲ್ಲೇ ಆಗಲಿ" ಅಂತ. ಸಂಪಾ ಕ್ಲಿನಿಕ್ಕಿಗೆ ಓಡಿಹೋಗಿ ತಾಯಿಗೆ ಹೇಳಿ, ಅವಳಿಗಿಂತ ಮುಂಚೆಯೇ ವಾಪಸು ಓಡಿಬಂದಳು. ಕಸೊಂಡೆ ಬಾಗಿಲಿಗೆ ಬಂದಾಗ ಅಮ್ಮ ಸೂಜಿ ಹಿಡಿದು ನಿಂತಿದ್ದರು. ಮುಖದಲ್ಲಿ ಹಳೆಯ ವಾರ್ಡಿನ ಕಳೆ.

"ಹೆದರಬೇಡ. ಮಗು ಬಂತಲ್ಲ, ಮದ್ದು ಕೊಟ್ಟೆ," ಅಂದರು.

ಮಗು ಬಂದಿರಲಿಲ್ಲ. ಪ್ರಿಸ್ಕಾಳ ಹೊಟ್ಟೆ ಇನ್ನೂ ತುಂಬಿಕೊಂಡೇ ಇತ್ತು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ತಟ್ಟೆಯಲ್ಲಿ ಮೂತಿ ಮುರಿದ ಮದ್ದಿನ ಬಾಟಲಿಗಳು ಎರಡು ಬಿದ್ದಿದ್ದವು. ಒಂದು ಕೊಟ್ಟದ್ದನ್ನು ಮರೆತು ಇನ್ನೊಂದು ಕೊಟ್ಟಿದ್ದರು.

ಮಗು ಕಸೊಂಡೆಯ ಕೈಗೆ ಬಂತು, ಉಸಿರಾಡಿತು, ಅತ್ತಿತು. ತಾಯಿಯ ಗರ್ಭಕೋಶ ಒಳಗೇ ಹರಿದಿತ್ತು. ಚೋಲಾ ವ್ಯಾನಿನಲ್ಲಿ ಹಾಕಿಕೊಂಡು ಹೋದರೂ ಆಸ್ಪತ್ರೆಯ ಗೇಟಿನ ಹತ್ತಿರ ಅವಳ ಕೈ ತಣ್ಣಗಾಯಿತು. ಡಾಕ್ಟರು ಬಂದು, "ಸೂಜಿ ಯಾರು ಕೊಟ್ಟದ್ದು?" ಅಂತ ಕೇಳಿದಾಗ ಕಸೊಂಡೆ ತನ್ನ ಬಟ್ಟೆಯ ಮೇಲಿನ ರಕ್ತ ನೋಡಿಕೊಂಡು, "ನಾನು" ಅಂದಳು. ಆಸ್ಪತ್ರೆಯವರು ರಾಜಧಾನಿ ಲುಸಾಕಾದ ನರ್ಸುಗಳ ಕೌನ್ಸಿಲ್‌ಗೆ ತಿಳಿಸಿದರು. ಕೌನ್ಸಿಲ್ ಅವಳನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆಗೆ ಬರಹೇಳಿತು. ತಪ್ಪು ಅಂತ ಕಂಡರೆ ರಿಜಿಸ್ಟರಿನಿಂದ ಹೆಸರು ಹೊಡೆದು ಹಾಕುತ್ತಾರೆ. ಆಮೇಲೆ ಆ ದೇಶದಲ್ಲಿ ಅವಳು ಒಬ್ಬರ ಗಾಯವನ್ನೂ ಕಟ್ಟುವ ಹಾಗಿಲ್ಲ.

ಅಮ್ಮನಿಗೆ ಆ ಮಧ್ಯಾಹ್ನದ್ದು ಉಳಿದಿರಲಿಲ್ಲ. ಊರು ಹೇಳಿದ್ದಷ್ಟೇ ಉಳಿದಿತ್ತು.

ಕೆಲಸವಿಲ್ಲದ ಕಸೊಂಡೆ ಮನೆಯ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡಳು. ನಸುಕಿಗೇ ಎದ್ದು ಅಂಗಳ ಗುಡಿಸುವಳು, ಇದ್ದಿಲ ಒಲೆ ಹೊತ್ತಿಸುವಳು, ಕುಂಬಳದ ಎಲೆ ಬಿಡಿಸಿ ಶೇಂಗಾಪುಡಿ ಹಾಕಿ ಬೇಯಿಸುವಳು. ಗೇಟಿನ ವ್ಯಾಪಾರ ಬಿದ್ದುಹೋಯಿತು. ಆ ಫ್ರಿಜ್ಜಿನ ಮುಂಕೊಯೊ ಯಾರು ಕುಡಿಯುತ್ತಾರೆ? ಚೋಲಾ ಕೊಡ ಕೊಡ ಹೊರಗೆ ಚೆಲ್ಲಿದ.

ಗೋಡೆಯಾಚೆ ಮಗು ಅಳುತ್ತಿತ್ತು. ಅದರ ಸೋದರತ್ತೆ ಡಬ್ಬಿ ಹಾಲು ಕಲಸಿ ಕೊಡುತ್ತಿದ್ದಳು.

"ಯಾರ ಮಗು ಅದು ಅಷ್ಟು ಅಳ್ತಿರೋದು?" ಅನ್ನುವರು ಅಮ್ಮ. "ಅದರ ತಾಯಿಗೆ ಹೇಳೇ, ಎದೆಗೆ ಹಾಕ್ಕೊಳ್ಳಲಿ. ಈಗಿನ ಹುಡುಗಿಯರಿಗೆ ಎಲ್ಲಾ ಹೇಳಿಕೊಡಬೇಕು."

"ಹೇಳ್ತೀನಮ್ಮ."

ಒಂದು ದಿನ ಕಸೊಂಡೆ ಹಾಲಿನ ಡಬ್ಬಿಯೊಂದನ್ನು ಸಂಪಾಳ ಕೈಲಿ ಕಳಿಸಿದಳು. ಮಗುವಿನ ಅತ್ತೆ ಅದನ್ನು ಗೇಟಿನಲ್ಲೇ ವಾಪಸು ಕೊಟ್ಟಳು. ಮಾರನೆಯ ಬೆಳಗ್ಗೆ ಬೀದಿ ನಲ್ಲಿಯ ಹತ್ತಿರ ಕಬಾಸೊ ಸಿಕ್ಕಿದ. ಕಣ್ಣಿನ ಸುತ್ತ ಗಣಿಯ ಮಸಿ ಹಾಗೇ ಇತ್ತು.

"ನಮ್ಮ ಮನೆಗೆ ಏನೂ ಕಳಿಸಬೇಡಿ," ಅಂದ.

"ಮಗುಗೆ ಅಂತ..."

"ನನ್ನ ಹೆಂಡ್ತಿ ನಿಮ್ಮನ್ನ ನಂಬ್ಕೊಂಡು ಬರಲಿಲ್ಲ. ನಿಮ್ಮ ಅಮ್ಮನ್ನ ನಂಬ್ಕೊಂಡು ಬಂದಳು. ಆವತ್ತು ನೀವು ಮನೆಗೆ ಬರದೇ ಇದ್ದಿದ್ರೆ ಸಿಸ್ಟರ್ ಅವಳನ್ನ ಉಳಿಸ್ತಿದ್ರು." ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದ. "ಸಿಸ್ಟರ್‌ಗೆ ನನ್ನ ನಮಸ್ಕಾರ ಹೇಳಿ. ಅವರ ಮೇಲೆ ನನಗೇನಿಲ್ಲ."

ಕಸೊಂಡೆ ಅದನ್ನು ಮನೆಗೆ ತಂದು ಗಂಡನಿಗೆ ಹೇಳಿದಾಗ ಚೋಲಾ ಕೈಲಿದ್ದ ಸ್ಪ್ಯಾನರು ನೆಲಕ್ಕೆ ಎಸೆದ.

"ಸಾಕು ಮಾಡು. ನಾಳೇನೇ ಹೋಗಿ ಆ ಮನುಷ್ಯನಿಗೆ ನಿಜ ಹೇಳ್ತೀನಿ."

"ಹೇಳಿ ಏನಾಗುತ್ತೆ? ಪ್ರಿಸ್ಕಾ ಎದ್ದು ಬರ್ತಾಳಾ?"

"ಹೆಂಡ್ತೀನ ಯಾರು ಕೊಂದ್ರು ಅಂತ ತಿಳ್ಕೊಳ್ಳೋ ಹಕ್ಕಾದರೂ ಅವನಿಗೆ ಇಲ್ಲವಾ? ನಿಮ್ಮ ಅಮ್ಮನಿಗೆ ಈಗ ಲೈಸೆನ್ಸೂ ಇಲ್ಲ, ಕೆಲಸಾನೂ ಇಲ್ಲ. ಅವರಿಂದ ಯಾರು ಏನು ಕಿತ್ಕೊಳ್ತಾರೆ?"

"ಹೆಸರು. ಅವರ ಹತ್ರ ಉಳಿದಿರೋದು ಅದೊಂದೇ."

"ನಿನ್ನದೇನು, ಹೆಸರಲ್ಲವಾ ಅದು? ನೀನು ಓದಿದ್ದು, ರಾತ್ರಿ ಪಾಳಿ ಮಾಡಿದ್ದು, ಎಲ್ಲ ಬಿಟ್ಟಿ ಬಂತಾ?"

"ಮದ್ದು ತಂದು ಅವರ ಕೈಗೆ ಸಿಗೋ ಹಾಗೆ ಇಟ್ಟೋಳು ನಾನು," ಅಂದಳು ಕಸೊಂಡೆ. "ತಲೆ ಜಾರ್ತಿದೆ ಅಂತ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು ನಾನು. ಕಾಲೊನೀಲಿ ಒಬ್ಬರಿಗಾದರೂ ಹೇಳಿದ್ದಿದ್ರೆ ಪ್ರಿಸ್ಕಾ ಇಲ್ಲಿಗೆ ಬರ್ತಿರಲಿಲ್ಲ. ಸೂಜಿ ನಾನು ಕೊಟ್ಟ ಹಾಗೇ ಲೆಕ್ಕ."

"ಕೊಟ್ಟ ಹಾಗೇ ಲೆಕ್ಕ ಬೇರೆ, ಕೊಟ್ಟಿದ್ದು ಬೇರೆ. ಕೌನ್ಸಿಲ್ ಮುಂದೆ ಸುಳ್ಳು ಹೇಳೋದೂ ತಪ್ಪೇ. ಅದನ್ನ ನಿಮ್ಮ ಅಮ್ಮಾನೇ ಪಾಠ ಹೇಳ್ತಿದ್ರು."

ಕಸೊಂಡೆ ಸ್ಪ್ಯಾನರು ಎತ್ತಿ ಮೂಲೆಗಿಟ್ಟಳು. ಮಾರನೆಯ ದಿನ ಚೋಲಾ ಕಬಾಸೊನ ಗೇಟಿನವರೆಗೆ ಹೋಗಿ, ಒಳಗೆ ಮಗು ಅಳುವುದು ಕೇಳಿ, ಹಾಗೇ ವಾಪಸು ಬಂದ. ಒಳ್ಳೆಯ ಗಂಡಸು, ಆದರೆ ಧೈರ್ಯ ಸಾಲದು.

ಲುಸಾಕಾಕ್ಕೆ ಹೋಗುವ ವಾರ ಬಂತು. ಅಂದು ಊಟಕ್ಕೆ ಚೋಲಾ ಒಂದು ಕೋಳಿ ತಂದಿದ್ದ. ಹಿರಿಯರಿಗೆ ಸಲ್ಲುವ ಸೊಂಟದ ತುಂಡನ್ನು ಎಂದಿನಂತೆ ಕಸೊಂಡೆ ಅಮ್ಮನ ತಟ್ಟೆಗೆ ಹಾಕಿದಳು. ಅಮ್ಮ ಅದನ್ನೆತ್ತಿ ಪಾತ್ರೆಗೇ ವಾಪಸು ಹಾಕಿದರು.

"ತಾಯಿಯಿಲ್ಲದ ಮಗು ಪಕ್ಕದಲ್ಲಿ ಅಳ್ತಿದೆ, ಇಲ್ಲಿ ಕೋಳಿ. ನಿನಗೆ ಗಂಟಲಲ್ಲಿ ಇಳಿಯುತ್ತಾ?"

"ಊಟ ಮಾಡಿಮ್ಮ."

"ಕೌನ್ಸಿಲ್ಲಲ್ಲಿ ನನ್ನನ್ನ ಕೇಳಿದ್ರೆ ನಾನೇ ಹೇಳ್ತೀನಿ, ಹೆಸರು ಹೊಡೀರಿ ಅಂತ. ಮಗಳು ಅಂತ ನೋಡಲ್ಲ. ಇಂಥ ಕೈಯನ್ನ ನಾನು ಹೆತ್ತೆನಲ್ಲ..."

"ಆ ಕೈ ನಿಮ್ಮದು ಅಜ್ಜಿ," ಅಂದಳು ಸಂಪಾ.

ಎಲ್ಲರ ಕೈಯೂ ತಟ್ಟೆಯ ಮೇಲೆ ನಿಂತಿತು.

"ಸಂಪಾ, ಸುಮ್ಮನಿರು," ಅಂದಳು ಕಸೊಂಡೆ.

"ಇರಲ್ಲ. ನಾನು ಬಾಗಿಲಲ್ಲೇ ಇದ್ದೆ. ಅಮ್ಮ ಬರೋಕೆ ಮುಂಚೆ ನೀವೇ ಸೂಜಿ ಕೊಟ್ರಿ ಅಜ್ಜಿ. ಎರಡು ಸಲ ಕೊಟ್ರಿ. ದಿನಾ ಅವಳನ್ನ ಬೈತೀರಲ್ಲ, ಅವಳು ನಿಮಗೋಸ್ಕರ..."

ಕಸೊಂಡೆಯ ಏಟು ಮಗಳ ಕೆನ್ನೆಗೆ ಬಿತ್ತು. ಹುಟ್ಟಿದಂದಿನಿಂದ ಅವಳ ಮೇಲೆ ಕೈಯೆತ್ತಿರಲಿಲ್ಲ. ಸಂಪಾ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಮುದುಕಿ ಸಾರು ಮೆತ್ತಿದ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಬೋಗುಣಿಯತ್ತ ಕೈ ಚಾಚಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಕಸೊಂಡೆ ಅಮ್ಮನ ಕೈಗೆ ನೀರು ಹಾಕಿದಳು. ಅಮ್ಮ ಮೊಣಕೈವರೆಗೆ ತೊಳೆದರು, ಬೆರಳ ಸಂದು ಸಂದು ಉಜ್ಜಿ, ಹೆರಿಗೆಗೆ ಮುಂಚೆ ತೊಳೆಯುವ ಹಾಗೆ.

ಬೆಳಗಾಗುವಷ್ಟರಲ್ಲಿ ಮರೆತಿರುತ್ತಾರೆ ಅಂತ ಕಸೊಂಡೆ ತನ್ನನ್ನೇ ಸಮಾಧಾನ ಮಾಡಿಕೊಂಡಳು. ಬೆಳಗ್ಗೆ ನೋಡಿದರೆ ಅಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಹಳೆಯ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಪಕ್ಕದಲ್ಲಿ ನೀಲಿ ಸೊಂಟಪಟ್ಟಿ, ಅದರ ಬೆಳ್ಳಿ ಕೊಂಡಿ.

"ಎಲ್ಲಿಗಮ್ಮ?"

"ಲುಸಾಕಾಕ್ಕೆ. ನಾನೂ ಬರ್ತೀನಿ."

"ಅಷ್ಟು ದೂರ ಬಸ್ಸಲ್ಲಿ ನಿಮಗೆ ಆಗಲ್ಲ."

"ನನ್ನ ಕಸುಬಿನ ಮನೆಗೆ ನಾನು ಹೋಗೋಕೆ ನಿನ್ನ ಕೇಳಬೇಕಾ?" ಅಂದರು. ಅವರ ನೆನಪಿನಲ್ಲಿ ಏನು ಉಳಿದಿದೆ, ಏನು ಹೋಗಿದೆ ಅನ್ನುವುದು ಮುಖದಿಂದ ತಿಳಿಯಲಿಲ್ಲ.

ಕೌನ್ಸಿಲ್‌ನ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಐದಾರು ಜನ ಕೂತಿದ್ದರು. ಬಿಳಿ ಬಟ್ಟೆಯ ಮುದುಕಿ ಒಳಗೆ ಬಂದದ್ದೇ ಎಲ್ಲರೂ ಎದ್ದು ನಿಂತರು. ಅಧ್ಯಕ್ಷೆ ಮಿಸೆಸ್ ಹಮೂಂಗಾ ಮೇಜು ಬಳಸಿ ಬಂದು, ಹಿರಿಯರಿಗೆ ಮಾಡುವ ಹಾಗೆ ಕಾಲು ಬಗ್ಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದರು. ಅವರು ಸಿಸ್ಟರ್ ಲೊಂತಿಯಾರ ಶಿಷ್ಯೆ.

"ಇದು ನಮಗೂ ಕಷ್ಟದ ದಿನ ಸಿಸ್ಟರ್. ಆದರೆ ಕಸುಬಿನ ಮೇಲೆ ಜನಕ್ಕೆ ನಂಬಿಕೆ ಉಳೀಬೇಕು. ಅದನ್ನ ನಮಗೆ ಕಲಿಸಿದ್ದು ನೀವೇ."

"ಕೆಲಸ ನೋಡು," ಅಂದರು ಸಿಸ್ಟರ್.

ಕೆಲಸ ಬೇಗ ನಡೆಯಿತು. ಮದ್ದು ಮನೆಯಲ್ಲಿ ಇಟ್ಟದ್ದು ಹೌದೇ? ಹೌದು. ಮಗು ಬರುವ ಮುಂಚೆ ಸೂಜಿ ಕೊಟ್ಟದ್ದು ಹೌದೇ? ಹೌದು. ಎರಡು ಸಲವೇ? ಹೌದು.

"ಯಾಕೆ ಕೊಟ್ಟಿರಿ?" ಕೇಳಿದರು ಹಮೂಂಗಾ.

"ಬೇಗ ಆಗಲಿ ಅಂತ."

ಹಿಂದಿನ ಬೆಂಚಿನಿಂದ ಸಿಸ್ಟರ್ ಲೊಂತಿಯಾ ಎದ್ದು ನಿಂತರು.

"ಹಮೂಂಗಾ, ಅವಳು ಸುಳ್ಳು ಹೇಳ್ತಿದಾಳೆ. ಸುಳ್ಳು ಹೇಳೋರನ್ನ ನಾನು ವಾರ್ಡಲ್ಲಿ ಇಟ್ಕೊಳ್ತಿರಲಿಲ್ಲ, ನಿನಗೆ ಗೊತ್ತಲ್ಲ. ಸೂಜಿ ಕೊಟ್ಟಿದ್ದು ನಾನು."

ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಮಗು ಬಂದಾಯ್ತು ಅಂದ್ಕೊಂಡೆ," ಅಂದರು. ವಾರ್ಡಿನಲ್ಲಿ ಪಾಳಿ ಒಪ್ಪಿಸುವವರ ದನಿ ಅದು. "ಬಂದಾಗಿದ್ದು ಯಾವುದೋ ಬೇರೆ ಮಗು, ಯಾವಾಗಲೋ. ಅದು ಇದರ ಜೊತೆ ಸೇರಿಹೋಯ್ತು. ಕೊಟ್ಟೆ. ಆಮೇಲೆ ಕೊಟ್ಟೆನಾ ಇಲ್ಲವಾ ಅಂತ ಗೊತ್ತಾಗಲಿಲ್ಲ, ಇನ್ನೊಂದು ಕೊಟ್ಟೆ. ಇವಳು ಬಂದಾಗ ಸೂಜಿ ನನ್ನ ಕೈಲಿತ್ತು. ಹೊಡೆಯೋದಾದ್ರೆ ನನ್ನ ಹೆಸರು ಹೊಡಿ."

ಕಸೊಂಡೆ ಹಿಂತಿರುಗಿ ನೋಡಿದಳು. ಅಮ್ಮ, ಅವಳ ಹಳೆಯ ಅಮ್ಮ, ಇಡೀ ವಾರ್ಡನ್ನು ನಡುಗಿಸುತ್ತಿದ್ದ ಅಮ್ಮ, ಪೂರ್ತಿಯಾಗಿ ಅಲ್ಲಿ ನಿಂತಿದ್ದರು. ಎಷ್ಟೋ ಕಾಲದಿಂದ ಅವಳು ನೋಡದಿದ್ದ ಅಮ್ಮ.

ಹಮೂಂಗಾ ಕಸೊಂಡೆಯತ್ತ ತಿರುಗಿದರು. "ನಿಮ್ಮ ತಾಯಿ ಹೇಳ್ತಿರೋದು ನಿಜವಾ?"

ಹೌದು ಅಂದರೆ ಸಾಕಿತ್ತು. ಹೌದು ಅಂದರೆ ನಾಳೆ ಲುವಾನ್ಶ್ಯಾದ ಪ್ರತಿ ನಲ್ಲಿಯ ಹತ್ತಿರ, ಚರ್ಚಿನ ಬಾಗಿಲಲ್ಲಿ, ಪ್ರಿಸ್ಕಾಳನ್ನು ಕೊಂದ ಮುದುಕಿ ಅನ್ನುತ್ತಾರೆ. ಗಂಡಸರು ರಸ್ತೆಯಲ್ಲಿ ದನಿ ತಗ್ಗಿಸುವುದಿಲ್ಲ. ಕಬಾಸೊ ಗೇಟಿಗೆ ಬಂದು ನಿಲ್ಲುತ್ತಾನೆ. ಅಷ್ಟರಲ್ಲಿ ಅಮ್ಮನಿಗೆ ಇದೆಲ್ಲ ಮರೆತಿರುತ್ತದೆ. ಯಾಕೆ ಬೈಯುತ್ತಾರೆ ಅನ್ನುವುದೂ ತಿಳಿಯದೆ ಮುದುಕಿ ಬೈಸಿಕೊಳ್ಳಬೇಕು, ದಿನಾ ಹೊಸದಾಗಿ.

"ಅಮ್ಮನಿಗೆ ಈಗ ಯಾವುದೂ ಸರಿಯಾಗಿ ನೆನಪಿರಲ್ಲ ಮೇಡಂ," ಅಂದಳು ಕಸೊಂಡೆ. "ಮನೇಲಿ ಯಾರೋ ಅಂದ ಮಾತು ತಲೇಲಿ ಉಳಿದಿದೆ. ಕೊಟ್ಟಿದ್ದು ನಾನೇ."

ಅಮ್ಮ ಮಗಳನ್ನು ನೋಡಿದರು. "ನನ್ನ ಮಾತು ಸುಳ್ಳು ಅಂತೀಯಾ?"

ಕಸೊಂಡೆ ನೆಲ ನೋಡಿದಳು.

"ಸಿಸ್ಟರ್," ಹಮೂಂಗಾ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಕೇಳಿದರು, "ಆವತ್ತು ಹೆರಿಗೆಗೆ ಬಂದಿದ್ದೋಳ ಹೆಸರೇನು?"

"ಎಸ್ನಾತ್," ಅಂದರು ಸಿಸ್ಟರ್ ತಕ್ಷಣ. ಆಮೇಲೆ ತುಟಿ ಅಲುಗಿತು. "ಅಲ್ಲ. ಎಸ್ನಾತ್ ರೈಲ್ವೆಯವನ ಹೆಂಡ್ತಿ. ಪಕ್ಕದ ಮನೆ ಹುಡುಗಿ. ಅವಳು... ಗೇಟು ತಳ್ಕೊಂಡು ಬಂದಳಲ್ಲ..." ಮಗಳ ಕಡೆ ತಿರುಗಿದರು. "ಹೇಳೇ. ನಿನಗೆ ಗೊತ್ತು. ಅವಳ ಹೆಸರು ಹೇಳೇ."

ಹೆಸರು ಕಸೊಂಡೆಯ ನಾಲಿಗೆಯ ತುದಿಯಲ್ಲಿತ್ತು. ಅವಳು ಬಾಯಿ ಬಿಡಲಿಲ್ಲ.

ಮೇಜಿನ ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರಲ್ಲಿ ಬರೀ ಕನಿಕರವಿತ್ತು. ಆ ಕನಿಕರವನ್ನು ಸಿಸ್ಟರ್ ಲೊಂತಿಯಾ ಕಂಡರು. ಬದುಕಿನಲ್ಲಿ ಅವರ ಮಾತನ್ನು ಯಾರೂ ಹೀಗೆ ಪಕ್ಕಕ್ಕೆ ಇಟ್ಟಿರಲಿಲ್ಲ. ಸೊಂಟಪಟ್ಟಿಯ ಕೊಂಡಿಯನ್ನು ಒಮ್ಮೆ ಮುಟ್ಟಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಕಸೊಂಡೆಯ ಹೆಸರನ್ನು ರಿಜಿಸ್ಟರಿನಿಂದ ತೆಗೆದರು. ಕಸುಬಿನ ಗೌರವ ಕಾಪಾಡಲು ಬೇರೆ ದಾರಿಯಿಲ್ಲ ಅಂತ ಹಮೂಂಗಾ ಓದಿ ಹೇಳುವಾಗ ಅವರ ಕನ್ನಡಕ ಮಂಜಾಗಿತ್ತು. ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಡುವಾಗ ಪಿನ್ನು ಕಸೊಂಡೆಯ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅಮ್ಮನ ಕೈ ಹಿಡಿದು ಹೊರಗೆ ಬಂದಳು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು, ಚಿತೆಂಗೆ ಬಟ್ಟೆಯನ್ನು ಸಮವಸ್ತ್ರದ ಮೇಲೆ ಹೊದ್ದು, ಹೊರಗೆ ನೋಡುತ್ತಿದ್ದರು. ಕಸೊಂಡೆ ಕೇಳದೆಯೇ ಕಾದಳು. ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ. ಕಬ್ವೆಯಲ್ಲಿ ಬಸ್ಸು ನಿಂತಾಗ ಸುಟ್ಟ ಜೋಳದ ತೆನೆ ಮಾರುವವರು ಕಿಟಕಿಗೆ ಮುತ್ತಿದರು. ಕಸೊಂಡೆ ಒಂದು ತೆನೆ ಕೊಂಡು ಅಮ್ಮನ ಕೈಗಿಟ್ಟಳು. ಬಸ್ಸು ಹೊರಟ ಮೇಲೆ ಅಮ್ಮ ಅವಳತ್ತ ತಿರುಗಿದರು. ಮುಖ ತಿಳಿಯಾಗಿತ್ತು, ಪ್ರಯಾಣದಲ್ಲಿ ಜೊತೆಯಾದ ಯಾರನ್ನೋ ಮಾತಾಡಿಸುವ ಹಾಗೆ.

"ಇವತ್ತು ಹೆಸರು ಹೊಡೆದ್ರಲ್ಲ, ಆ ಹುಡುಗಿ. ಪಾಪ. ಯಾರ ಮಗಳು ಅವಳು?"

ಕಸೊಂಡೆ ಅಮ್ಮನ ಚಿತೆಂಗೆ ಸರಿಪಡಿಸಿದಳು. "ಒಬ್ಬ ದೊಡ್ಡ ಸಿಸ್ಟರ್ ಮಗಳು."

"ಅವಳ ತಾಯಿ ಬಂದಿದ್ದಳಾ?"

"ಬಂದಿದ್ರು."

"ಮಗಳ ಪರವಾಗಿ ಏನೂ ಹೇಳಲಿಲ್ಲವಾ?"

"ಹೇಳಿದ್ರು. ನಿಜಾನೇ ಹೇಳಿದ್ರು. ಯಾರೂ ನಂಬಲಿಲ್ಲ."

"ಯಾಕೆ?"

"ನಂಬಬೇಡಿ ಅಂತ ಮಗಳೇ ಹೇಳಿದಳು."

ಅಮ್ಮ ತಲೆಯಾಡಿಸಿದರು. ತೆನೆಯನ್ನು ಮುರಿದು, ದೊಡ್ಡ ತುಂಡನ್ನು ಆರಿಸಿ, ಕಸೊಂಡೆಯ ಕೈಗೆ ಕೊಟ್ಟರು.

"ಹೆತ್ತ ತಾಯಿಗೆ ಹಾಗೆ ಮಾಡಿದಳಾ?" ಅಂದರು. "ಎಂಥ ಮಗಳೋ ಏನೋ. ನೀನು ತಿನ್ನು, ಬೆಳಗ್ಗಿಂದ ಏನೂ ತಿಂದ ಹಾಗೆ ಕಾಣಲ್ಲ."